ಬ್ರೇಕ್ ದಿನದ ಹಾಜರಿ

ನಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ನನ್ನ ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವಳು ಹನ್ನೊಂದಮ್ಮ. ಆ ಹೆಸರನ್ನು ಅವಳೇ ಸಂಪಾದಿಸಿಕೊಂಡದ್ದು. ಯಾರು ಏನು ಕೇಳಿದರೂ "ನಂದೇನು ಬಿಡಿ, ಹನ್ನೊಂದು ತಿಂಗಳ ಬದುಕು" ಅನ್ನುತ್ತಿದ್ದಳು. ಹೊಸ ಚಪ್ಪಲಿ ಯಾಕೆ ತಗೊಳ್ಳಲಿಲ್ಲ ಅಂದರೆ ಅದೇ ಮಾತು. ನಿನ್ನ ಲಾಕರಿನ ಬಾಗಿಲು ಮುರಿದಿದೆಯಲ್ಲ, ಒಂದು ದೂರು ಬರೆದು ಕೊಡೇ ಅಂದರೂ ಅದೇ ಮಾತು. ಕೊನೆಗೆ ಮೇಲಿನ ವಾರ್ಡಿನ ನರ್ಸುಗಳು ಕೂಡ ಫೋನು ಮಾಡಿ "ಹನ್ನೊಂದಮ್ಮನ ಹತ್ತಿರ ನಲವತ್ತು ಹೊದಿಕೆ ಕಳಿಸಿ" ಅನ್ನುವಷ್ಟು ಅದು ಗಟ್ಟಿಯಾಯಿತು.

ಹನ್ನೊಂದರ ಕಥೆ ಇಷ್ಟೇ. ಕಾಂಟ್ರ್ಯಾಕ್ಟ್ ಕೆಲಸದವರಿಗೆ ಹನ್ನೊಂದು ತಿಂಗಳಿಗೆ ಒಂದು ಕಾಗದ ಕೊಡುತ್ತಿದ್ದರು. ಅದು ಮುಗಿದ ಮರುದಿನ ಬ್ರೇಕ್. ಒಂದೇ ಒಂದು ದಿನ. ಆ ದಿನ ಅವರು ಆಸ್ಪತ್ರೆಗೆ ಯಾರೂ ಅಲ್ಲ. ಅದರ ಮರುದಿನ ಹೊಸ ಕಾಗದಕ್ಕೆ ರುಜು ಹಾಕಿ, ಇವತ್ತೇ ಹುಟ್ಟಿ ಬಂದವರ ಹಾಗೆ ಒಳಗೆ ಬರಬೇಕು. ಹತ್ತು ವರ್ಷ ದುಡಿದವರು ನಾಳೆ ಎದೆ ಸೆಟೆಸಿ "ನಾನು ಹತ್ತು ವರ್ಷ ದುಡಿದಿದ್ದೇನೆ" ಎಂದು ಹೇಳಬಾರದಲ್ಲ, ಅದಕ್ಕೆ ಯಾವನೋ ಪುಣ್ಯಾತ್ಮ ಕಂಡುಹಿಡಿದ ಉಪಾಯ. ಅವನು ಎಲ್ಲಿದ್ದಾನೋ, ಅವನ ಮನೆಯ ಹೊದಿಕೆಗಳನ್ನು ಯಾರು ಒಗೆಯುತ್ತಾರೋ ನನಗೆ ಗೊತ್ತಿಲ್ಲ.

ನಾನು ಆ ಲಾಂಡ್ರಿಯ ಸೂಪರ್‌ವೈಸರ್. ಪರ್ಮನೆಂಟ್. ಮೂವತ್ತೊಂದು ವರ್ಷ ಆ ನೆಲಮಾಳಿಗೆಯ ಹಬೆಯಲ್ಲಿ ಬೆಂದವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಅನ್ನುತ್ತಿದ್ದರು. ಬೆನ್ನ ಹಿಂದೆ ನನ್ನನ್ನು ಮೆಣಸಿನಕಾಯಿ ಅಂತ ಕರೆಯುತ್ತಿದ್ದರು. ಅದು ನನಗೆ ಗೊತ್ತಿತ್ತು, ಗೊತ್ತಿದೆ ಅನ್ನುವುದು ಅವರಿಗೂ ಗೊತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೆ ಹೊಡೆದಂತೆ ಹೇಳುವವಳು ಅಂತ ನನಗೆ ನನ್ನ ಬಗ್ಗೆ ಒಂದು ಹೆಮ್ಮೆ ಇತ್ತು. ಎಲ್ಲವನ್ನೂ ಹೇಳುತ್ತೇನೆ, ತಡೆಯಿರಿ.

ಅವಳು ಬಂದಾಗ ಅವಳಿಗೆ ಮೂವತ್ತಾರು. ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು, ಶಾಲೆಗೆ ಹೋಗುವ ಮಗಳೊಬ್ಬಳಿದ್ದಳು. ನಾನು ಎದುರಿಗೆ ಕೂರಿಸಿಕೊಂಡು "ಏನು ಓದಿದ್ದೀಯ?" ಎಂದು ಕೇಳಿದೆ.

"ಓದಿದ್ದೆಲ್ಲ ಮರೆತುಹೋಗಿದೆ ಮೇಡಂ."

"ಸರ್ಟಿಫಿಕೇಟು?"

"ಅದೂ ಎಲ್ಲೋ ಹೋಗಿದೆ."

"ಒಗೆಯೋಕಾದ್ರೂ ಬರುತ್ತಾ?"

"ಒಗೆಯೋಕೆ ಯಾರಿಗೆ ತಾನೆ ಬರಲ್ಲ ಮೇಡಂ?" ಅಂದಳು. ಅಬ್ಬಾ, ಏನು ಬಾಯಿ ಇವಳದು ಅಂದುಕೊಂಡೆ. ಸೋಮವಾರ ಈ ಮಾತು ನಡೆದದ್ದು. ಮಂಗಳವಾರ ಬೆಳಿಗ್ಗೆ ಏಳಕ್ಕೆ ಅವಳು ಮೆಷಿನ್ ಮುಂದೆ ನಿಂತಿದ್ದಳು. ಪರ್ಮನೆಂಟ್ ಕೆಲಸವಾಗಿದ್ದರೆ ಪರೀಕ್ಷೆ, ಪಟ್ಟಿ, ಅದರ ಮೇಲೊಂದು ಪಟ್ಟಿ ಅಂತ ಎರಡು ವರ್ಷ ಎಳೆದು, ಕೊನೆಗೆ ಸರ್ಟಿಫಿಕೇಟಿಲ್ಲ ಎಂದು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಕಾಂಟ್ರ್ಯಾಕ್ಟಿಗೆ ಅದ್ಯಾವ ತಾಪತ್ರಯವೂ ಇಲ್ಲ. ಕೈಕಾಲು ಗಟ್ಟಿಯಿದ್ದರೆ ಸಾಕು. ಎಷ್ಟು ಸಲೀಸಾಗಿ ಒಳಗೆ ಕರೆದುಕೊಳ್ಳುತ್ತಾರೋ ಅಷ್ಟೇ ಸಲೀಸಾಗಿ ಹೊರಗೆ ಕಳಿಸುತ್ತಾರೆ ಎಂಬುದು ಆಮೇಲಿನ ವಿಷಯ. ಆದರೆ ಮೂರು ತಿಂಗಳಿಂದ ಆ ಮನೆಗೆ ಅವಳ ಅಣ್ಣನೇ ಅಕ್ಕಿಬೇಳೆ ತಂದು ಹಾಕುತ್ತಿದ್ದನಂತೆ. ಆ ಮಂಗಳವಾರದ ಮೇಲೆ ಅವನು ಬರಬೇಕಾಗಲಿಲ್ಲ.

ನಮ್ಮಲ್ಲಿ ಎರಡು ದೊಡ್ಡ ಮೆಷಿನ್ನುಗಳಿದ್ದವು. ಹೊಸದು ತುಟಿಪಿಟಕ್ಕೆನ್ನದೆ ಕೆಲಸ ಮಾಡುತ್ತಿತ್ತು. ಹಳೆಯದಕ್ಕೆ ಅಜ್ಜಿ ಎಂದು ಹೆಸರಿಟ್ಟಿದ್ದೆವು. ಬಟ್ಟೆ ಒಂದು ಕಡೆಗೆ ಹೆಚ್ಚು ತುಂಬಿದರೆ ಸಾಕು, ಅಜ್ಜಿ ಗಡಗಡ ನಡುಗುತ್ತ ನೆಲದ ಮೇಲೆ ನಡೆದುಕೊಂಡು ಬರುತ್ತಿದ್ದಳು. ಒಂದು ಸಲ ನನ್ನ ಮೇಜಿನವರೆಗೂ ಬಂದಿದ್ದುಂಟು. ಹನ್ನೊಂದಮ್ಮ ಮಾತ್ರ ಒದ್ದೆ ಬಟ್ಟೆಯ ಹೊರೆಯನ್ನು ಕೈಯಲ್ಲೇ ತೂಗಿ, ಇಲ್ಲಿಷ್ಟು ಅಲ್ಲಿಷ್ಟು ಎಂದು ತುಂಬಿಸಿ, ಬಾಗಿಲು ಮುಚ್ಚಿ, ಕಿವಿಯಿಟ್ಟು ಕೇಳುತ್ತಿದ್ದಳು. ಸದ್ದು ಸರಿಯಿಲ್ಲದಿದ್ದರೆ "ಅಜ್ಜಿಗೆ ಹೊಟ್ಟೆನೋವು" ಎಂದು ಮತ್ತೆ ತೆಗೆದು ತುಂಬುತ್ತಿದ್ದಳು. ಓಟಿಯ ಹಸಿರು ಬಟ್ಟೆಗಳು, ಅಂದರೆ ಆಪರೇಷನ್ ಕೋಣೆಯ ಗೌನು, ಹೊದಿಕೆ, ಸುತ್ತುಬಟ್ಟೆ ಎಲ್ಲ ಅಜ್ಜಿಯ ಪಾಲಿಗೇ ಬರುತ್ತಿದ್ದವು. ಅಜ್ಜಿಯ ನೀರು ಮಾತ್ರ ಅಷ್ಟು ಬಿಸಿಯಾಗುತ್ತಿತ್ತು. ಹೀಗಾಗಿ ಹನ್ನೊಂದಮ್ಮ ಇಲ್ಲದ ದಿನ ಆಪರೇಷನ್‌ಗಳೂ ಕುಂಟುತ್ತಿದ್ದವು ಎಂದರೆ ಅದು ಉತ್ಪ್ರೇಕ್ಷೆಯಲ್ಲ.

ಮೊದಲ ಬ್ರೇಕಿನ ದಿನವೇ ಅದು ಗೊತ್ತಾಯಿತು. ಅವತ್ತು ಒಂಬತ್ತು ಆಪರೇಷನ್ನುಗಳಿದ್ದವು. ಅಜ್ಜಿ ಯಾರ ಮಾತನ್ನೂ ಕೇಳಲಿಲ್ಲ. ಎರಡು ಸಲ ನೀರು ಚೆಲ್ಲಿ ನಿಂತಳು. ಮೇಲಿಂದ ಫೋನಿನ ಮೇಲೆ ಫೋನು. ನಾನೇ ನಾಲ್ಕು ಬೀದಿ ಓಡಿ ಅವಳ ಮನೆ ಬಾಗಿಲು ತಟ್ಟಿ "ಒಂದು ದಿನ ಬಂದು ಹೋಗೇ ತಾಯಿ" ಅಂದೆ. ಅವಳು ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು. ಹಾಗೇ ಎದ್ದು ಬಂದಳು.

ಸಂಜೆ ಕೈ ಒರೆಸಿಕೊಳ್ಳುತ್ತ "ಹಾಜರಿ ಅಕ್ಕಾ?" ಎಂದಳು. ಅಷ್ಟರಲ್ಲಿ ಮೇಡಂ ಹೋಗಿ ಅಕ್ಕ ಆಗಿದ್ದೆ.

ಹಾಜರಿ ಹಾಕುವಂತಿರಲಿಲ್ಲ. ಆ ದಿನದ ಚೌಕದಲ್ಲಿ ಕೆಂಪು ಗೆರೆ ಎಳೆಯಲೇಬೇಕು ಎಂದು ಮೇಲಿನ ಆಜ್ಞೆ. ಹಾಗಂತ ಹೆಣ್ಣುಮಗಳ ದುಡಿಮೆಯನ್ನು ನುಂಗಿ ಹಾಕುವುದಕ್ಕೆ ನನಗೆ ಮನಸ್ಸು ಬರಲಿಲ್ಲ. "ಮುಂದಿನ ತಿಂಗಳು ನಿನಗೆ ಬೇಕಾದ ಒಂದು ದಿನ ಮನೇಲಿರು. ಅವತ್ತು ನಾನು ಹಾಜರಿ ಹಾಕ್ತೀನಿ. ಇದಕ್ಕೆ ಅದು ಸರಿಹೋಯ್ತು" ಅಂದೆ. ಅದಕ್ಕೆ ನಾವು ಬದಲಿ ದಿನ ಎಂದು ಹೆಸರಿಟ್ಟುಕೊಂಡೆವು. ಆಮೇಲೆ ಪ್ರತಿ ಬ್ರೇಕಿಗೂ ಇದೇ ನಡೆಯಿತು. ಬಂದ ದಿನ ಬಂದಿಲ್ಲ, ಬಾರದ ದಿನ ಬಂದಿದ್ದಾಳೆ. ಪುಸ್ತಕದಲ್ಲಿ ಎರಡೂ ಸುಳ್ಳು, ಕೂಡಿಸಿದರೆ ನಿಜ. ನಾನೊಬ್ಬಳೇ ಅಲ್ಲ, ಅಡುಗೆಮನೆಯ ಸೂಪರ್‌ವೈಸರ್ ಕೂಡ ತನ್ನ ಇಬ್ಬರು ಕಾಂಟ್ರ್ಯಾಕ್ಟ್ ಅಡುಗೆಯವರಿಗೆ ಹೀಗೇ ಮಾಡುತ್ತಿದ್ದ. ಬ್ರೇಕ್ ದಿನ ರೋಗಿಗಳು ಉಪವಾಸ ಇರುತ್ತಾರಾ? ಮೇಲಿನವರಿಗೂ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುವುದು ಅವರಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಬದಲಿ ದಿನ ಅವಳು ಏನು ಮಾಡುತ್ತಿದ್ದಳು ಗೊತ್ತಾ? ಮಲಗುತ್ತಿದ್ದಳು. ಮಗಳನ್ನು ಶಾಲೆಗೆ ಕಳಿಸಿ ಮಧ್ಯಾಹ್ನದವರೆಗೆ ನಿದ್ದೆ. ಮರುದಿನ ಬಂದು "ಆಸ್ಪತ್ರೆಯವರೇ ಸಂಬಳ ಕೊಟ್ಟು ಮಲಗಿಸಿದ್ರು ಅಕ್ಕಾ, ಏನು ಸುಖ ಅಂತೀರಿ" ಎಂದು ನಗುತ್ತಿದ್ದಳು.

ಕಾಂಟ್ರ್ಯಾಕ್ಟಿನ ವಿಷಯದಲ್ಲಿ ನನಗೂ ಅವಳಿಗೂ ಜಗಳ ನಡೆಯದ ತಿಂಗಳಿಲ್ಲ. ನಾನು ಬಯ್ಯುತ್ತಿದ್ದೆ. ನಮಗೆ ವರ್ಷಕ್ಕೆ ಎರಡು ಜೊತೆ ರಬ್ಬರ್ ಕೈಗವಸು ಕೊಡುತ್ತಿದ್ದರು, ಅವರಿಗಿಲ್ಲ. ಬ್ಲೀಚ್ ನೀರಿಗೆ ಪರ್ಮನೆಂಟು ಕಾಂಟ್ರ್ಯಾಕ್ಟು ಗೊತ್ತಾಗುತ್ತದಾ? ಅವಳ ಬೆರಳುಗಳ ಸಂದಿ ಬಿರಿದು ಕೆಂಪಾಗಿರುತ್ತಿತ್ತು. ನನ್ನದರಲ್ಲಿ ಒಂದು ಜೊತೆ ಕೊಡುತ್ತಿದ್ದೆ, ಅದು ಎರಡು ತಿಂಗಳಲ್ಲಿ ತೂತು. ಗುರುವಾರ ನೌಕರರಿಗೆಂದೇ ವೈದ್ಯರು ಕೂರುತ್ತಿದ್ದರು, ಅಲ್ಲಿ ನೀಲಿ ಕಾರ್ಡಿನವರಿಗೆ ಮಾತ್ರ ಪ್ರವೇಶ. ಅವಳದು ಹಳದಿ ಕಾರ್ಡು. ಬಾಡಿಗೆ ಮನೆಯ ಮಾಲೀಕ ಕೂಡ "ಹನ್ನೊಂದು ತಿಂಗಳಾದ ಮೇಲೆ ಏನು ಗತಿ?" ಎಂದು ಕೇಳುತ್ತಿದ್ದನಂತೆ.

ಅವಳು ಎಲ್ಲವನ್ನೂ ಕೇಳಿಸಿಕೊಂಡು, ಬಟ್ಟೆ ಮಡಚುವುದನ್ನು ನಿಲ್ಲಿಸದೆ, "ಪರ್ಮನೆಂಟ್ ಆದೋರ ಮುಖಗಳನ್ನ ಒಂದ್ಸಲ ನೋಡಿ ಅಕ್ಕಾ" ಅನ್ನುತ್ತಿದ್ದಳು. "ಬೆಳಿಗ್ಗೆ ಬಂದ ಕೂಡಲೇ ಸಂಜೆ ಎಷ್ಟೊತ್ತಿಗೆ ಆಗುತ್ತೆ ಅಂತ ಗಡಿಯಾರ ನೋಡ್ತಾರೆ. ನನ್ನ ನೋಡಿ, ಇಷ್ಟ ಇಲ್ಲ ಅಂದ್ರೆ ನಾಳೆನೇ ಬರಲ್ಲ. ಯಾರ ಕಾಲೂ ಹಿಡೀಬೇಕಾಗಿಲ್ಲ."

"ಓಹೋ, ಮಹಾರಾಣಿ! ಹೋಗು ನೋಡೋಣ."

"ಹೋಗಲ್ಲ. ಹೋಗಬಹುದು ಅಂತ ಹೇಳಿದೆ ಅಷ್ಟೆ."

ಒಂದು ವಿಷಯದಲ್ಲಿ ಮಾತ್ರ ಅವಳ ಮಾತೇ ಗೆಲ್ಲುತ್ತಿತ್ತು. ನಾಲ್ಕನೇ ವರ್ಷ ಅವಳ ತಾಯಿ ಹಾಸಿಗೆ ಹಿಡಿದರು. ಕಾಗದ ಮುಗಿಯುವ ಹೊತ್ತಿಗೆ ಸರಿಯಾಗಿ ಬಂದು "ಈ ಸಲ ರುಜು ಹಾಕಲ್ಲ ಅಕ್ಕಾ" ಎಂದು ಹೇಳಿ ಹೊರಟಳು. ಎರಡು ತಿಂಗಳು ತಾಯಿಯ ಬಳಿ ಇದ್ದಳು. ಎಲ್ಲ ಮುಗಿಸಿಕೊಂಡು ಬಂದಾಗ ನಾನು ಹೊಸ ಕಾಗದ ಮಾಡಿಸಿಕೊಟ್ಟೆ. "ಉಸಿರು ಹೋಗೋವಾಗ ಅಮ್ಮನ ತಲೆ ನನ್ನ ತೊಡೆ ಮೇಲಿತ್ತು. ನಿಮ್ಮ ಪರ್ಮನೆಂಟ್ ಕೆಲಸದಲ್ಲಿ ಇದು ಆಗ್ತಿತ್ತಾ?" ಎಂದು ಕೇಳಿದಳು. ನನ್ನ ತಾಯಿ ಹೋದಾಗ ನಾನು ರಜೆ ಅರ್ಜಿ ಹಿಡಿದು ಮೂರನೇ ಮಹಡಿಯಲ್ಲಿ ಸಾಹೇಬರ ಬಾಗಿಲ ಮುಂದೆ ನಿಂತಿದ್ದೆ. ಊರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇಷ್ಟೆಲ್ಲ ಧೈರ್ಯದ ಮಾತಾಡುವವಳು ಹನ್ನೊಂದನೇ ತಿಂಗಳು ಬಂತೆಂದರೆ ಬೇರೆಯೇ ಹೆಂಗಸಾಗುತ್ತಿದ್ದಳು. ಅರ್ಧ ಗಂಟೆ ಮುಂಚೆ ಬರುವುದು, ಒರೆಸಿದ ಮೆಷಿನ್ನನ್ನೇ ಮತ್ತೆ ಒರೆಸುವುದು, ಯಾರೂ ಹೇಳದಿದ್ದರೂ ನನ್ನ ಮೇಜಿನ ಧೂಳು ತೆಗೆಯುವುದು. ನನ್ನ ಹಾಸ್ಯಕ್ಕೆಲ್ಲ ನಗುತ್ತಿದ್ದಳು. ನನ್ನ ಹಾಸ್ಯಕ್ಕೆ ಉಳಿದ ಹತ್ತು ತಿಂಗಳು ಯಾರೂ ನಕ್ಕಿದ್ದಿಲ್ಲ. "ಏ, ಸಾಕು ನಿಲ್ಲಿಸೇ, ನಿನ್ನ ಕಾಗದ ಬಂದಿದೆ" ಎಂದು ನಾನೇ ರೇಗುತ್ತಿದ್ದೆ. ಆಮೇಲೆ ಅವಳು ಮತ್ತೆ ಮೊದಲಿನ ಹಾಗೆ ಎದುರು ಮಾತಾಡಲು ಶುರು ಮಾಡುತ್ತಿದ್ದಳು.

ಹೀಗೇ ಹದಿನಾರು ವರ್ಷ ಕಳೆಯಿತು. ಹದಿನಾರನೇ ವರ್ಷ ಅವಳ ಬಲಮಂಡಿ ಕೈಕೊಟ್ಟಿತು. ನಮ್ಮ ಲಾಂಡ್ರಿಗೆ ಹದಿನಾಲ್ಕು ಮೆಟ್ಟಿಲು ಇಳಿಯಬೇಕು. ಅವಳು ಎರಡೂ ಕೈಯಲ್ಲಿ ಕಂಬಿ ಹಿಡಿದು, ಅಡ್ಡಡ್ಡ ತಿರುಗಿಕೊಂಡು, ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನಾನು ಮೇಜಿನಿಂದ ನೋಡುತ್ತಿದ್ದೆ. ಮೂಳೆ ಡಾಕ್ಟರು ಅವಳು ಒಗೆದ ಗೌನನ್ನೇ ತೊಟ್ಟುಕೊಂಡು ಅವಳ ಮಂಡಿಯನ್ನು ಅಲ್ಲಾಡಿಸಿ ನೋಡಿ, ಕೀಲು ಬದಲಾಯಿಸಲೇಬೇಕು, ಆರು ವಾರ ಮಲಗಿರಬೇಕು, ಆಮೇಲೂ ಮೂರು ತಿಂಗಳು ಭಾರ ಎತ್ತಬಾರದು ಎಂದರು. ತಡ ಮಾಡಿದರೆ ಇನ್ನೊಂದು ಮಂಡಿಯೂ ಹೋಗುತ್ತದೆ ಎಂದು ಸೇರಿಸಿದರು.

ಕಾಂಟ್ರ್ಯಾಕ್ಟಿನವರು ಹದಿನೈದು ದಿನ ಬಾರದಿದ್ದರೆ ಕಾಗದ ರದ್ದು. ತಾಯಿ ಸತ್ತಾಗ ಮೂವತ್ತೊಂಬತ್ತರ ಹೆಂಗಸು, ಮತ್ತೆ ತೆಗೆದುಕೊಂಡರು. ಐವತ್ತೆರಡರಲ್ಲಿ ಕೋಲು ಹಿಡಿದು ಬಂದವಳಿಗೆ ಯಾರು ಹೊಸ ಕಾಗದ ಕೊಡುತ್ತಾರೆ? ನಾವು ನೀಲಿ ಕಾರ್ಡಿನವರು ನೆಗಡಿಗೆ ಮೂರು ದಿನ ಮಲಗುತ್ತಿದ್ದೆವು. ಊರಿನವರೆಲ್ಲ ಮಲಗುವ ಹೊದಿಕೆಗಳನ್ನು ಒಗೆಯುವವಳಿಗೆ ಮಲಗಲು ಆರು ವಾರ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಅವಳು ಹರಿದ ಹೊದಿಕೆಯ ಒಂದು ಪಟ್ಟಿಯನ್ನು ಮಂಡಿಗೆ ಬಿಗಿಯಾಗಿ ಸುತ್ತಿಕೊಂಡು ಕೆಲಸಕ್ಕೆ ನಿಂತಳು.

ಅದೇ ಹೊತ್ತಿಗೆ ಆ ಆದೇಶ ಬಂತು. ಹತ್ತು ವರ್ಷ ಎಡೆಬಿಡದೆ ದುಡಿದ ಕಾಂಟ್ರ್ಯಾಕ್ಟ್ ನೌಕರರನ್ನು ಪರ್ಮನೆಂಟ್ ಮಾಡುವುದು. ಬ್ರೇಕ್ ದಿನಗಳಲ್ಲೂ ಅವರು ವಾಸ್ತವವಾಗಿ ಕೆಲಸ ಮಾಡಿದ್ದಾರೆ ಎಂದು ಅವರ ಸೂಪರ್‌ವೈಸರ್ ಹೇಳಿಕೆ ಕೊಟ್ಟರೆ ಬ್ರೇಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೂಪರ್‌ವೈಸರ್ ಹೇಳಿದ್ದೇ ಕೊನೆಯ ಮಾತು. ನಾನು ಆ ಕಾಗದವನ್ನು ಮೂರು ಸಲ ಓದಿದೆ. ತಾಯಿಯ ಬಳಿಯಿಂದ ಮರಳಿದ ಮೇಲೇ ಅವಳದು ಹನ್ನೆರಡು ವರ್ಷವಾಗಿತ್ತು. ನೀಲಿ ಕಾರ್ಡು ಬಂದರೆ ಅವಳು ಮಲಗಬಹುದು. ಆರು ವಾರವಲ್ಲ, ಆರು ತಿಂಗಳು ಮಲಗಿದರೂ ಕೆಲಸ ಎಲ್ಲಿಗೂ ಹೋಗುವುದಿಲ್ಲ.

ಓದಿ ಮುಗಿಸಿದ ಮೇಲೆ ಇನ್ನೊಂದು ಹೊಳೆಯಿತು. ಬ್ರೇಕ್ ದಿನ ಬಂದಿದ್ದಳು ಎಂದು ಹೇಳಿದರೆ, ಅದಕ್ಕೆ ಪ್ರತಿಯಾಗಿ ಏನು ಕೊಟ್ಟಿರಿ ಎಂದು ಕೇಳುತ್ತಾರೆ. ಬದಲಿ ದಿನ ಎನ್ನಬೇಕು. ಅಂದರೆ ಅವಳು ಮನೆಯಲ್ಲಿ ಮಲಗಿದ್ದ ದಿನಗಳಿಗೆ ನನ್ನ ಕೈಯಾರೆ ಹಾಕಿದ ಹಾಜರಿ. ವರ್ಷಕ್ಕೊಂದರಂತೆ ಅಷ್ಟೂ ಸುಳ್ಳು ಹಾಜರಿಗಳು ನನ್ನ ರುಜುವಿನ ಸಮೇತ ಪುಸ್ತಕದಲ್ಲಿ ಕೂತಿದ್ದವು. ನನಗೆ ನಿವೃತ್ತಿಗೆ ಎಂಟು ತಿಂಗಳು ಬಾಕಿ.

ಮನೆಯಲ್ಲಿ ಯಜಮಾನರ ಮುಂದೆ ಹೇಳಿಕೊಂಡೆ. ಅವರು ಪೇಪರಿನಿಂದ ತಲೆ ಎತ್ತದೆ "ಹುಟ್ಟಿದಾಗಿಂದ ಬಾಯಿ ಬಿಡ್ತಾನೇ ಇದ್ದೀಯ. ಇನ್ನೊಂದು ಎಂಟು ತಿಂಗಳು ಮುಚ್ಚಿಕೊಂಡಿರೋಕೆ ಆಗಲ್ವಾ?" ಎಂದರು.

"ನಾಚಿಕೆ ಆಗಲ್ವಾ ನಿಮಗೆ?" ಎಂದು ಅವರ ಮೇಲೆ ಹರಿಹಾಯ್ದೆ. "ಅವಳು ಬಂದಿದ್ದು ನಿಜ. ನಾನೇ ಕರೆಸಿದ್ದು. ತಲೆ ಮೇಲೆ ತಲೆ ಬಿದ್ರೂ ಹೇಳೇ ಹೇಳ್ತೀನಿ."

ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಬೇಕಾದರೆ ಆಣೆ ಮಾಡುತ್ತೇನೆ. ಕನ್ನಡಿಯ ಮುಂದೆ ನಿಂತು ಅಭ್ಯಾಸ ಕೂಡ ಮಾಡಿದೆ. "ಬಂದಿದ್ದಳು ಸಾರ್. ನಾನೇ ಕರೆಸಿದ್ದೆ ಸಾರ್." ಇಷ್ಟೇ. ಎರಡೇ ಎರಡು ಮಾತು.

ವಿಚಾರಣೆ ಮೂರನೇ ಮಹಡಿಯ ಸಭೆಯ ಕೋಣೆಯಲ್ಲಿತ್ತು. ಹೊರಗಿನಿಂದ ಬಂದ ಒಬ್ಬ ಅಧಿಕಾರಿ, ಅವರ ಪಕ್ಕ ನಮ್ಮ ಆಸ್ಪತ್ರೆಯ ಇಬ್ಬರು. ಮೊದಲು ಕಾಂಟ್ರ್ಯಾಕ್ಟಿನವರನ್ನು ಒಬ್ಬೊಬ್ಬರಾಗಿ ಕರೆದರು, ಆಮೇಲೆ ಸೂಪರ್‌ವೈಸರ್‌ಗಳನ್ನು. ನನ್ನ ಸರದಿ ಬಂದಾಗ ಗಂಟೆ ಹನ್ನೆರಡು. ಅಧಿಕಾರಿ ಮೆತ್ತಗೆ ಮಾತಾಡುವ ಮನುಷ್ಯ. "ಕೂತ್ಕೊಳ್ಳಿ ಅಮ್ಮ" ಎಂದರು. ಮೇಜಿನ ಮೇಲೆ ನನ್ನ ಹಾಜರಿ ಪುಸ್ತಕಗಳೆಲ್ಲ ಪೇರಿಸಿಟ್ಟಿದ್ದವು. ಒಂದನ್ನು ತೆರೆದು ಕೆಂಪು ಗೆರೆಯ ಮೇಲೆ ಬೆರಳಿಟ್ಟರು.

"ಈ ದಿನ ಇವರು ಕೆಲಸಕ್ಕೆ ಬಂದಿದ್ರಾ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು, ಎಲ್ಲರಿಗೂ ಹೇಳುವ ಮಾತನ್ನೇ ಹೇಳುತ್ತಿರುವವರ ಹಾಗೆ, "ಯೋಚನೆ ಮಾಡಿ ಹೇಳಿ. ರಿಜಿಸ್ಟರ್‌ನಲ್ಲಿ ಸುಳ್ಳು ಬರೆದಿದ್ರೆ ಅದು ಶಿಸ್ತುಕ್ರಮಕ್ಕೆ ಬರುತ್ತೆ, ನಿಮಗೆ ಗೊತ್ತಿರುತ್ತೆ" ಎಂದರು.

ಆ ಮಾತಿನಲ್ಲಿ ಕೋಪವಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ಆದರೆ ಪೆನ್ಷನ್ ಕಣ್ಣ ಮುಂದೆ ಬಂತು, ಯಜಮಾನರ ಔಷಧಿಯ ಡಬ್ಬ ಬಂತು, ಎಂಟು ತಿಂಗಳು ಬಂತು. ಮೂವತ್ತೊಂದು ವರ್ಷ ಡಾಕ್ಟರುಗಳನ್ನೇ ಗದರಿಸಿದ ಹೆಂಗಸು ಮೆಲುದನಿಯಲ್ಲಿ ಹೇಳಿದೆ.

"ರಿಜಿಸ್ಟರ್‌ನಲ್ಲಿ ಹೇಗಿದೆಯೋ ಹಾಗೇ ಸಾರ್."

"ಅಂದ್ರೆ ಬಂದಿರಲಿಲ್ಲ?"

"ಬಂದಿರಲಿಲ್ಲ ಸಾರ್."

ಅವರು ಬರೆದುಕೊಂಡರು. ಇನ್ನೊಂದು ಕೆಂಪು ಗೆರೆ, ಇನ್ನೊಂದು. ಪ್ರತಿಯೊಂದಕ್ಕೂ ಅದನ್ನೇ ಹೇಳಿದೆ. ಮೊದಲನೆಯದು ಹೇಳುವಾಗ ಆದ ಕಷ್ಟ ಆಮೇಲಿನವಕ್ಕೆ ಆಗಲಿಲ್ಲ. ಕೊನೆಗೆ ಹಾಳೆಯ ಕೆಳಗೆ ರುಜು ಹಾಕಿ ಎದ್ದು ಬಂದೆ.

ಹೊರಗೆ ಬೆಂಚಿನ ಮೇಲೆ ಅವಳು ಬಲಗಾಲನ್ನು ನೀಳವಾಗಿ ಚಾಚಿಕೊಂಡು ಕೂತಿದ್ದಳು. ನನ್ನನ್ನು ನೋಡಿದ್ದೇ ತಡ, ಕಂಬ ಹಿಡಿದು ಎದ್ದಳು. "ಏನು ಕೇಳಿದ್ರು ಅಕ್ಕಾ?"

"ನಿನ್ನನ್ನ ಏನು ಕೇಳಿದ್ರು, ಅದನ್ನ ಮೊದಲು ಹೇಳು."

"ಬ್ರೇಕ್ ದಿನ ಬಂದಿದ್ಯಾ ಅಂದ್ರು. ಬಂದಿಲ್ಲ ಅಂದೆ."

"ಅಯ್ಯೋ ಹುಚ್ಚಿ! ಯಾಕೇ ಹಾಗಂದೆ?"

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಬಂದಿದ್ದೆ ಅಂದ್ರೆ ಬದಲಿ ದಿನದ ಹಾಜರಿ ಯಾರು ಹಾಕಿದ್ದು ಅಂತ ಕೇಳಲ್ವಾ? ಎಂಟು ತಿಂಗಳು ಇಟ್ಟುಕೊಂಡು ನಿಮ್ಮ ಪೆನ್ಷನ್ನಿಗೆ ಕಲ್ಲು ಹಾಕ್ಲಾ? ನನಗೆ ಭಯ ಇದ್ದಿದ್ದು ನಿಮ್ಮದೇ ಅಕ್ಕಾ. ನೀವೋ, ಹಿಂದೆ ಮುಂದೆ ನೋಡೋರಲ್ಲ. ಎಲ್ಲಿ ನಿಜ ಹೇಳಿಬಿಡ್ತೀರೋ ಅಂತ ಕೂತಲ್ಲೇ ದೇವರನ್ನ ಬೇಡ್ಕೊಳ್ತಿದ್ದೆ. ಹೇಳಿಲ್ಲ ತಾನೆ?"

"ಇಲ್ಲ" ಎಂದೆ.

"ಸದ್ಯ" ಎಂದಳು. ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟಳು. ಅವಳ ಮುಖದಲ್ಲಿ ನಿಜವಾದ ನೆಮ್ಮದಿ ಇತ್ತು. ಅವಳು ನನಗೋಸ್ಕರ ಸುಳ್ಳು ಹೇಳಿದ್ದಳು. ನಾನೂ ನನಗೋಸ್ಕರವೇ ಹೇಳಿದ್ದೆ. ಅವಳ ತೋಳು ಹಿಡಿದು ಲಿಫ್ಟಿನವರೆಗೆ ನಡೆಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವಳೇ ನನ್ನನ್ನು ಸಮಾಧಾನ ಮಾಡುತ್ತಿದ್ದಳು.

ಎರಡು ತಿಂಗಳ ಮೇಲೆ ಪಟ್ಟಿ ಬಂತು. ಲಾಂಡ್ರಿಯಿಂದ ಯಾರೂ ಇಲ್ಲ. ಅಡುಗೆಮನೆಯ ಇಬ್ಬರ ಹೆಸರೂ ಇತ್ತು. ನಾನು ಅಡುಗೆಮನೆಯ ಸೂಪರ್‌ವೈಸರನ್ನು ಪಾತ್ರೆಗಳ ಮಧ್ಯದಲ್ಲೇ ಹಿಡಿದು ನಿಲ್ಲಿಸಿ "ಏನು ಹೇಳಿದ್ರಿ ನೀವು?" ಎಂದು ಕೇಳಿದೆ.

"ಏನು ಹೇಳೋದು? ಬಂದಿದ್ರು, ನಾನೇ ಕರೆಸಿದ್ದೆ, ಬದಲಿ ದಿನ ಕೊಟ್ಟಿದ್ದೆ ಅಂದೆ" ಎಂದ. ಅವನು ಎಂದೂ ಗಟ್ಟಿಯಾಗಿ ಮಾತಾಡಿದವನಲ್ಲ. ಸಾಹೇಬರು ಎದುರಿಗೆ ಬಂದರೆ ಗೋಡೆಗೆ ಅಂಟಿಕೊಂಡು ನಡೆಯುವವನು.

"ಶಿಸ್ತುಕ್ರಮ?"

"ಒಂದು ನೋಟಿಸ್ ಕೊಟ್ರು. ಇನ್ನು ಮುಂದೆ ಹೀಗೆ ಮಾಡಬೇಡಿ ಅಂತ ಬರೆದಿತ್ತು. ಆಯ್ತು ಸಾರ್ ಅಂತ ತಗೊಂಡು ಬಂದೆ. ಮೂವತ್ತು ವರ್ಷ ಆಸ್ಪತ್ರೆ ನಡೆದಿದ್ದೇ ಹೀಗಲ್ವಾ, ಅವರಿಗೂ ಗೊತ್ತು. ಯಾಕೆ, ನಿಮಗೆ ನೋಟಿಸ್ ಬಂದಿಲ್ವಾ?"

ನನಗೆ ಎಲ್ಲಿಂದ ಬರುತ್ತದೆ? ಕೆಳಗೆ ಬಂದು ಅವತ್ತು ಮೂವರಿಗೆ ಸುಮ್ಮಸುಮ್ಮನೆ ಬೈದೆ. ಹನ್ನೊಂದಮ್ಮ "ಬಿಡಿ ಅಕ್ಕಾ, ಅಡುಗೆಮನೆಯವರಿಗೆ ಎಲ್ಲಾ ಕಡೆ ನಡೆಯುತ್ತೆ. ನಮ್ಮ ಹಣೆಬರಹ ಇಷ್ಟೇ" ಎಂದು ಅಜ್ಜಿಯ ಬಾಗಿಲು ಮುಚ್ಚಿದಳು. ಅವರಿಗೆ ಹೇಗೆ ನಡೆಯಿತು ಎಂದು ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ನಾನು ನಿವೃತ್ತಳಾದೆ. ಹಾರ ಹಾಕಿದರು, ನೇರ ನಡೆ ನೇರ ನುಡಿಯವರು ಎಂದು ಭಾಷಣ ಮಾಡಿದರು. ಹನ್ನೊಂದಮ್ಮ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಅದಾದ ಎರಡು ತಿಂಗಳಿಗೆ ಅವಳ ಕಾಗದ ಮುಗಿಯಿತು. ಮಂಡಿ ಇನ್ನು ಒಂದು ಮೆಟ್ಟಿಲೂ ಇಳಿಯುವ ಹಾಗಿರಲಿಲ್ಲ. ಅವಳು ಹೊಸ ಕಾಗದಕ್ಕೆ ರುಜು ಹಾಕದೆ, ಲಾಕರ್ ಖಾಲಿ ಮಾಡಿ, ಅದೇ ಆಸ್ಪತ್ರೆಯ ಜನರಲ್ ವಾರ್ಡಿಗೆ ರೋಗಿಯಾಗಿ ಸೇರಿದಳು. ಆಪರೇಷನ್ ಚೆನ್ನಾಗಿಯೇ ಆಯಿತು.

ಆಮೇಲೆ ನಾನು ವಾರಕ್ಕೆರಡು ಸಲ ಅವಳ ಮನೆಗೆ ಹೋಗುತ್ತಿದ್ದೆ. ಒಂದೇ ಕೋಣೆ, ಕಿಟಕಿಯ ಪಕ್ಕ ಮಂಚ. ಮಗಳು ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು, ಅವಳದು ಆರು ತಿಂಗಳ ಕಾಗದ. "ನೋಡಿ, ನನಗಿಂತ ಐದು ತಿಂಗಳು ಕಮ್ಮಿ. ಕಾಲ ಮುಂದುವರೀತಿದೆ" ಎಂದು ಹನ್ನೊಂದಮ್ಮ ನಗಾಡುತ್ತಿದ್ದಳು. ಯಾರಾದರೂ ಕೂತು ಮಾಡುವ ಕೆಲಸ ಕೊಡುತ್ತಾರಾ ವಿಚಾರಿಸಿ ಅಕ್ಕಾ ಎಂದು ಹೋದಾಗೆಲ್ಲ ಕೇಳುತ್ತಿದ್ದಳು. ನಾನು ನಾಲ್ಕು ಕಡೆ ವಿಚಾರಿಸಿದೆ. ಐವತ್ಮೂರು ಅಂದ ಕೂಡಲೇ ನೋಡೋಣ ಅನ್ನುತ್ತಿದ್ದರು.

ಆರನೇ ವಾರದ ಒಂದು ಮಧ್ಯಾಹ್ನ. ಅವಳು ಮಂಚದ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ನಿನಗೊಂದು ಮಾತು ಹೇಳಬೇಕು ಕಣೇ. ಅವತ್ತು ವಿಚಾರಣೇಲಿ ನಿಜ ಹೇಳಬೇಕು ಅಂತಾನೇ ಒಳಗೆ ಹೋಗಿದ್ದೆ. ಹೆದರಿಕೊಂಡುಬಿಟ್ಟೆ."

ಅವಳು ಒಂದು ತೊಳೆ ನನ್ನ ಕೈಗಿಟ್ಟಳು. "ಹೆದರದೇ ಇರ್ತಾರಾ? ಹೇಳಿದ್ದಿದ್ರೆ ಕೆಲಸಾನೂ ಹೋಗ್ತಿತ್ತು, ಪೆನ್ಷನ್ನೂ ಹೋಗ್ತಿತ್ತು. ನನ್ನಿಂದ ನಿಮ್ಮ ಮನೆ ಹಾಳಾಯ್ತು ಅಂತ ನಾನು ಸಾಯೋವರೆಗೂ ಕೊರಗ್ತಿದ್ದೆ. ಒಳ್ಳೇದೇ ಮಾಡಿದ್ರಿ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಅವಳೇ ಕ್ಷಮಿಸಿ ಬಾಗಿಲು ಮುಚ್ಚಿದ್ದಳು. ಆದರೆ ಆ ತೊಳೆಯನ್ನು ಬಾಯಿಗಿಡದೆ ಮಂಚದ ಅಂಚಿಗಿಟ್ಟೆ.

"ಅಡುಗೆಮನೆಯ ಸೂಪರ್‌ವೈಸರ್ ಹೇಳಿದ್ರು" ಎಂದೆ.

"ಏನಂತ?"

"ಬಂದಿದ್ರು, ನಾನೇ ಕರೆಸಿದ್ದೆ, ಬದಲಿ ದಿನ ಕೊಟ್ಟಿದ್ದೆ ಅಂತ. ಎಲ್ಲಾ ಇದ್ದ ಹಾಗೇ ಹೇಳಿದ್ರು. ಅದಕ್ಕೇ ಅವರ ಇಬ್ಬರಿಗೂ ಆಗಿದ್ದು."

ಸುಲಿಯುತ್ತಿದ್ದ ಅವಳ ಕೈ ನಿಂತಿತು. "ಅವರಿಗೇನು ಮಾಡಿದ್ರು?"

"ಒಂದು ನೋಟಿಸ್ ಕೊಟ್ರು."

"ಆಮೇಲೆ?"

"ಆಮೇಲೆ ಏನಿಲ್ಲ."

ಅವಳು ನನ್ನ ಮುಖ ನೋಡಲಿಲ್ಲ. ಚಾಚಿದ್ದ ಕಾಲನ್ನು, ಅದರ ಮೇಲಿನ ಉದ್ದದ ಹೊಲಿಗೆಯ ಗುರುತನ್ನು ನೋಡಿದಳು.

"ಅಷ್ಟೇನಾ ಅಕ್ಕಾ?" ಎಂದಳು.

"ಅಷ್ಟೇ" ಎಂದೆ.